ಹಿಲ್ ಹೋಲ್ಡ್ ಕಡಿದಾದ ಏರಿನಲ್ಲಿ ಹಿಡಿಯುತ್ತೆ, ಸಣ್ಣ ಏರಿನಲ್ಲಿ ಬಿಡುತ್ತೆ. ಇದು ಉಲ್ಟಾ ಅಲ್ವಾ?

ಹೊಸ_ಪೆಡಲ್

ಎಲ್ಲರಿಗೂ ನಮಸ್ಕಾರ. ನನ್ನದು ಮ್ಯಾನ್ಯುಯಲ್ ಗೇರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್, ತಗೊಂಡು ಇನ್ನೂ ವರ್ಷ ತುಂಬಿಲ್ಲ. ಫೀಚರ್ ಪಟ್ಟಿಯಲ್ಲಿ ಹಿಲ್ ಹೋಲ್ಡ್ ಅಸಿಸ್ಟ್ ಇದೆ. ಗಾಡಿ ಕೊಡುವಾಗ ಶೋರೂಮ್ ಹುಡುಗ ಹೇಳಿದ್ದು ಇಷ್ಟೇ, "ಏರಿನಲ್ಲಿ ಹಿಂದೆ ಹೋಗಲ್ಲ ಸರ್, ಆರಾಮಾಗಿ ಓಡಿಸಿ."

ಬೆಂಗಳೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ರ‍್ಯಾಂಪ್ ಚೆನ್ನಾಗೇ ಕಡಿದಾಗಿದೆ. ಮೇಲೆ ಸೆಕ್ಯುರಿಟಿಯವರು ಗೇಟ್ ತೆಗೆಯೋವರೆಗೂ ಮಧ್ಯದಲ್ಲಿ ನಿಲ್ಲಬೇಕು. ಅಲ್ಲಿ ಹೊರಡುವಾಗ ಬ್ರೇಕಿನಿಂದ ಕಾಲು ತೆಗೆದರೂ ಗಾಡಿ ಒಂಚೂರೂ ಅಲ್ಲಾಡಲ್ಲ. ಅದೇ ಗಾಡಿ ದಸರಾ ರಜೆಯಲ್ಲಿ ಮಡಿಕೇರಿಗೆ ಹೋಗುವಾಗ ಕೈ ಕೊಟ್ಟಿತು. ಸುಂಟಿಕೊಪ್ಪ ದಾಟಿದ ಮೇಲೆ ಒಂದೇ ಸಮ ಟ್ರಾಫಿಕ್, ಎರಡು ಮಾರು ಹೋಗೋದು, ನಿಲ್ಲೋದು, ಮತ್ತೆ ಎರಡು ಮಾರು. ಅಂಥಾ ದೊಡ್ಡ ಏರೇನೂ ಅಲ್ಲ ಅದು, ಆದರೂ ಸುಮಾರು ಸಲ ಹಿಂದಕ್ಕೆ ಜಾರಿತು, ಹಿಂದಿದ್ದ ಜೀಪಿನವನು ಹಾರ್ನ್ ಒತ್ತಿದ್ದೇ ಒತ್ತಿದ್ದು. ಊರೊಳಗಿನ ಕಡಿದಾದ ರಸ್ತೆಯಲ್ಲಿ ಮಾತ್ರ ಸರಿಯಾಗಿ ಹಿಡಿಯಿತು. ಆದರೆ ಮುಂದಿನವನು ಹೊರಡಲಿ ಅಂತ ಕಾಯುತ್ತಾ ಇದ್ದಾಗ ತಾನಾಗೇ ಬಿಟ್ಟುಬಿಡ್ತು.

ಸರ್ವಿಸ್ ಸೆಂಟರ್‌ನಲ್ಲಿ ಕಂಪ್ಯೂಟರ್ ಹಾಕಿ ನೋಡಿ "ಎರರ್ ಏನೂ ಇಲ್ಲ, ಎಲ್ಲಾ ಓಕೆ" ಅಂದರು. ಎಲ್ಲಾ ಓಕೆ ಆದರೆ ಜಾರಿದ್ದು ಯಾಕೆ ಅಂದಿದ್ದಕ್ಕೆ ನಗು ಬಿಟ್ಟರೆ ಬೇರೆ ಉತ್ತರ ಬರಲಿಲ್ಲ. ಒಳಗೆ ನಿಜವಾಗಿ ಏನು ನಡೆಯುತ್ತೆ? ಅದು ಹ್ಯಾಂಡ್‌ಬ್ರೇಕ್ ಎಳೆಯುತ್ತಾ? ಹೀಗೆ ಹಿಡಿದು ನಿಲ್ಲಿಸಿದರೆ ಬ್ರೇಕ್ ಪ್ಯಾಡ್ ಬೇಗ ಸವೆಯಲ್ವಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಬ್ರೇಕ್_ಆಯಿಲ್

ನಿಮ್ಮ ಗಾಡಿ ಕೆಟ್ಟಿಲ್ಲ. ಶೋರೂಮಿನವರು ಹೇಳಿದ ಒಂದು ವಾಕ್ಯದಲ್ಲಿ ಅರ್ಧ ಮಾತ್ರ ನಿಜ, ಅಷ್ಟೇ. ಇದೇ ಲೈನಲ್ಲಿ ಕೆಲಸ ಮಾಡೋನು ನಾನು, ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ಹ್ಯಾಂಡ್‌ಬ್ರೇಕ್ ವಿಷಯ. ಇಲ್ಲ, ಅದನ್ನು ಮುಟ್ಟೋದೇ ಇಲ್ಲ. ನಿಮ್ಮ ಗಾಡಿಯ ಹ್ಯಾಂಡ್‌ಬ್ರೇಕ್ ಅಂದರೆ ಲಿವರ್ ಎಳೆದಾಗ ಕೇಬಲ್ ಮೂಲಕ ಹಿಂದಿನ ಎರಡು ಚಕ್ರ ಹಿಡಿಯುತ್ತಲ್ಲ, ಅದು. ಹಿಲ್ ಹೋಲ್ಡ್ ಬಳಸೋದು ಕಾಲಿನ ಬ್ರೇಕನ್ನು. ನೀವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್‌ನಿಂದ ಬ್ರೇಕ್ ಆಯಿಲ್ ಒತ್ತಡದಲ್ಲಿ ಹೊರಟು, ಬಾನೆಟ್ ಕೆಳಗೆ ಒಂದು ಅಲ್ಯೂಮಿನಿಯಂ ಬ್ಲಾಕ್ ಇರುತ್ತೆ, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ಬ್ಲಾಕ್ ಅಂತೀವಿ, ಅದರೊಳಗೆ ಹಾದು ನಾಲ್ಕೂ ಚಕ್ರಕ್ಕೆ ಹೋಗುತ್ತೆ. ಬ್ಲಾಕಿನೊಳಗೆ ಕರೆಂಟಿನಿಂದ ಮುಚ್ಚಿ ತೆರೆಯೋ ಪುಟ್ಟ ಪುಟ್ಟ ವಾಲ್ವ್‌ಗಳಿವೆ. ಏರಿನಲ್ಲಿ ನೀವು ಬ್ರೇಕ್ ಒತ್ತಿ ನಿಂತಿದ್ದೀರಿ, ಈಗ ಕಾಲು ತೆಗೆಯುತ್ತೀರಿ. ಮಾಮೂಲಿ ಗಾಡಿಯಲ್ಲಿ ಆಯಿಲ್ ಹಿಂದಕ್ಕೆ ಬಂದು ಬ್ರೇಕ್ ಸಡಿಲ ಆಗುತ್ತೆ. ಹಿಲ್ ಹೋಲ್ಡ್ ಇರೋ ಗಾಡಿಯಲ್ಲಿ ಆ ವಾಲ್ವ್ ಮುಚ್ಚಿಕೊಳ್ಳುತ್ತೆ. ಪೆಡಲ್ ಮೇಲೆ ಬಂತು, ಆದರೆ ಚಕ್ರದ ಕಡೆ ಇದ್ದ ಒತ್ತಡ ಅಲ್ಲೇ ಉಳೀತು. ಮೊದಲೆಲ್ಲ ಘಾಟಿಯಲ್ಲಿ ಲಾರಿ ನಿಂತ ತಕ್ಷಣ ಕ್ಲೀನರ್ ಹಾರಿ ಬಂದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದನಲ್ಲ, ಇದೂ ಅದೇ ಥರ, ಎರಡು ಸೆಕೆಂಡ್ ಮಟ್ಟಿಗೆ.

ಊರೊಳಗೆ ತಾನಾಗೇ ಬಿಟ್ಟುಬಿಡ್ತು ಅಂದಿರಲ್ಲ, ಅದಕ್ಕೆ ಉತ್ತರ ಆ ಎರಡು ಸೆಕೆಂಡೇ. ಬಹಳಷ್ಟು ಗಾಡಿಗಳಲ್ಲಿ ಇದು ಸುಮಾರು 2 ಸೆಕೆಂಡ್, ಕೆಲವದರಲ್ಲಿ 3ರ ತನಕ ಹಿಡಿಯುತ್ತೆ, ಆಮೇಲೆ ಬಿಡುತ್ತೆ. ಬ್ರೇಕಿನಿಂದ ಕಾಲು ತೆಗೆದ ಕ್ಷಣದಿಂದ ಲೆಕ್ಕ ಶುರು. ಜಾಸ್ತಿ ಹೊತ್ತು ಯಾಕೆ ಹಿಡಿಯಲ್ಲ ಅಂದರೆ, ಹಿಡಿದರೆ ಜನ ಅದನ್ನೇ ಪಾರ್ಕಿಂಗ್ ಬ್ರೇಕ್ ಅಂದುಕೊಂಡು ಬಾಗಿಲು ತೆಗೆದು ಇಳಿದು ಹೋಗ್ತಾರೆ. ವಾಲ್ವ್ ಮುಚ್ಚಿರೋದು ಕರೆಂಟಿನಿಂದ, ಕರೆಂಟ್ ಹೋದರೆ ಅದೂ ಹೋಯ್ತು. ಮಡಿಕೇರಿ ಊರೊಳಗೆ ಆದದ್ದು ಇದೇ. ನೀವು ಕಾಲು ತೆಗೆದು ಮುಂದಿನವನಿಗೆ ಕಾದಿರಿ, ಅದು ತನ್ನ ಟೈಮ್ ಮುಗಿಸಿ ಬಿಟ್ಟಿತು. ಕಾಯೋದಕ್ಕೆ ಕಾಲಿನ ಬ್ರೇಕ್ ಅಥವಾ ಹ್ಯಾಂಡ್‌ಬ್ರೇಕ್. ಹೊರಡೋದಕ್ಕೆ ಮಾತ್ರ ಹಿಲ್ ಹೋಲ್ಡ್.

ನೀವು ಬೇಗ ಹೊರಟರೆ ಅದೂ ಬೇಗ ಬಿಡುತ್ತೆ. ಇಂಜಿನ್ ಈಗ ಎಷ್ಟು ಎಳೆಯುತ್ತಿದೆ ಅನ್ನೋ ಲೆಕ್ಕ ಇಂಜಿನ್ ಕಂಪ್ಯೂಟರ್‌ನಿಂದ ಬ್ರೇಕ್ ಕಂಪ್ಯೂಟರ್‌ಗೆ ಬರುತ್ತಾ ಇರುತ್ತೆ. ಈ ಏರಿಗೆ ಇಷ್ಟು ಎಳೆತ ಸಾಕು ಅನಿಸಿದಾಗ ವಾಲ್ವ್ ಮೆಲ್ಲಗೆ ತೆರೆಯುತ್ತೆ. ಅದಕ್ಕೇ ಕೆಲವು ಸಲ ಹೊರಡುವಾಗ ಯಾರೋ ಹಿಂದಿನಿಂದ ಸ್ವಲ್ಪ ಹಿಡಿದು ಬಿಟ್ಟಂತೆ ಅನಿಸೋದು.

ಈಗ ಉಲ್ಟಾ ಅನಿಸೋ ವಿಷಯ. ಏರು ಎಷ್ಟಿದೆ ಅಂತ ಗಾಡಿಗೆ ಗೊತ್ತಾಗೋದು ಉದ್ದುದ್ದ ದಿಕ್ಕಿನ ಆಕ್ಸಿಲರೇಶನ್ ಸೆನ್ಸರ್‌ನಿಂದ. ಗಾಡಿ ನಿಂತಿರುವಾಗ ಮೂತಿ ಮೇಲಾದರೆ ಗುರುತ್ವದ ಒಂದು ಪಾಲು ಹಿಂದಕ್ಕೆ ಎಳೆಯುತ್ತಲ್ಲ, ಅದನ್ನು ಅಳೆಯುತ್ತೆ. ಗಾಡಿ ಓಡುತ್ತಾ, ಬ್ರೇಕ್ ಹಾಕುತ್ತಾ ಇರುವಾಗ ಆ ಓಟದ ಏರುಪೇರೂ ಅದೇ ಸೆನ್ಸರ್‌ನಲ್ಲಿ ಸೇರಿಕೊಳ್ಳುತ್ತೆ, ಹಾಗಾಗಿ ಚಕ್ರ ಪೂರ್ತಿ ನಿಂತ ಮೇಲೆಯೇ ಅದು ಏರನ್ನು ನಂಬೋದು. ಸುಂಟಿಕೊಪ್ಪದ ಟ್ರಾಫಿಕ್‌ನಲ್ಲಿ ನಾವೆಲ್ಲ ಏನು ಮಾಡ್ತೀವಿ? ಅರ್ಧ ನಿಲ್ಲಿಸಿ, ಬ್ರೇಕ್ ಸುಮ್ನೆ ಮುಟ್ಟಿ, ಮತ್ತೆ ಕ್ಲಚ್ ಬಿಡ್ತೀವಿ. ಗಾಡಿ ನಿಂತಿತು ಅಂತ ಕಂಪ್ಯೂಟರ್‌ಗೆ ಖಾತ್ರಿ ಆಗೋ ಮುಂಚೆ ಕಾಲು ತೆಗೆದಾಗಿರುತ್ತೆ.

ಎರಡನೇದು, ಇಂತಿಷ್ಟು ಏರಿಗಿಂತ ಕಮ್ಮಿ ಇದ್ದರೆ ಅದು ಕೆಲಸಕ್ಕೇ ಇಳಿಯಲ್ಲ. ಕಂಪನಿಯಿಂದ ಕಂಪನಿಗೆ ಬೇರೆ, ಸಾಮಾನ್ಯವಾಗಿ ಶೇ. 5ರ ಆಸುಪಾಸು. ಶೇ. 5 ಅಂದರೆ 100 ಮೀಟರ್ ಮುಂದೆ ಹೋದರೆ 5 ಮೀಟರ್ ಮೇಲೆ. ಸಮತಟ್ಟು ರಸ್ತೆಯಲ್ಲೆಲ್ಲ ಹಿಡಿಯಲು ಹೋದರೆ ಪ್ರತಿ ಸಿಗ್ನಲ್‌ನಲ್ಲೂ ಗಾಡಿ ಅಂಟಿಕೊಂಡಂತೆ ಆಗಿ ನಿಮಗೇ ಕಿರಿಕಿರಿ. ತಮಾಷೆ ಏನಂದರೆ ಘಾಟಿ ಅಂದಾಕ್ಷಣ ಭಾರಿ ಏರು ಅಂದುಕೊಳ್ತೀವಿ, ಆದರೆ ಹೆದ್ದಾರಿಯನ್ನು ತುಂಬಿದ ಲಾರಿ ಹತ್ತಬೇಕು ಅಂತ ಲೆಕ್ಕ ಹಾಕಿ ಸುತ್ತಿಸಿ ಸುತ್ತಿಸಿ ಕಟ್ಟಿರುತ್ತಾರೆ. ಎಷ್ಟೋ ಕಡೆ ಏರು ಶೇ. 4, 5 ಅಷ್ಟೇ. ಬೇಸ್‌ಮೆಂಟ್ ರ‍್ಯಾಂಪ್ ಹಾಗಲ್ಲ. ಸೈಟಿನ ಜಾಗ ಉಳಿಸಬೇಕಲ್ಲ, 10 ಅಡಿ ಉದ್ದಕ್ಕೆ 1 ಅಡಿ ಎತ್ತರ ಇದ್ದರೆ ನಿಮ್ಮ ಪುಣ್ಯ, ಇನ್ನೂ ಕಡಿದಾಗಿ ಇರೋದೇ ಜಾಸ್ತಿ. ಹಾಗಾಗಿ ನಿಮ್ಮ ಮನೆಯ ರ‍್ಯಾಂಪ್ ಮಡಿಕೇರಿ ದಾರಿಗಿಂತ ಕಡಿದು!

ಜಾರೋದು ಎಷ್ಟು ಅಂತಲೂ ನೋಡಿ. ನಿಮ್ಮನ್ನು ಸೇರಿಸಿ ಗಾಡಿ 1000 ಕೆಜಿ ಇದೆ ಅಂದುಕೊಳ್ಳಿ. ಶೇ. 10ರ ಏರಿನಲ್ಲಿ ಸುಮಾರು 100 ಕೆಜಿ ಭಾರ ಅದನ್ನು ಹಿಂದಕ್ಕೆ ಎಳೆಯುತ್ತಾ ಇರುತ್ತೆ. ಬ್ರೇಕ್ ಬಿಟ್ಟು ಒಂದು ಸೆಕೆಂಡ್ ಸುಮ್ಮನಿದ್ದರೆ ಒಂದೂವರೆ ಅಡಿ ಹಿಂದೆ. ಎರಡು ಸೆಕೆಂಡ್ ಸುಮ್ಮನಿದ್ದರೆ ಮೂರಡಿ ಅಲ್ಲ, ಐದೂವರೆ ಅಡಿ, ಯಾಕೆಂದರೆ ಜಾರುತ್ತಾ ಜಾರುತ್ತಾ ವೇಗ ಏರುತ್ತೆ. ಶೇ. 4ರ ಏರಿನಲ್ಲಿ ಮೊದಲ ಸೆಕೆಂಡಿಗೆ ಅರ್ಧ ಅಡಿಯೂ ಇಲ್ಲ. ನಿಮ್ಮ ಜೀಪಿನವನು ಹಾರ್ನ್ ಒತ್ತಿದ್ದು ಆ ಅರ್ಧ ಅಡಿಗೆ, ಅವನು ನಿಮಗೆ ಅಂಟಿಕೊಂಡೇ ನಿಂತಿದ್ದ ಅನಿಸುತ್ತೆ.

ಪ್ಯಾಡ್ ಸವೆಯಲ್ಲ. ಸವೆತ ಆಗೋದು ತಿರುಗೋ ಡಿಸ್ಕ್ ಮೇಲೆ ಪ್ಯಾಡ್ ಉಜ್ಜಿದಾಗ. ನಿಂತ ಚಕ್ರವನ್ನು ಹಿಡಿದುಕೊಂಡರೆ ಉಜ್ಜೋದು ಎಲ್ಲಿಂದ ಬಂತು.

ಇನ್ನೊಂದು, ಸಾದಾ ಹಿಲ್ ಹೋಲ್ಡ್ ಹಿಡಿದಿಡೋದು ನೀವು ಕೊಟ್ಟ ಒತ್ತಡವನ್ನೇ. ಹಗುರವಾಗಿ ಒತ್ತಿದ್ದರೆ ಹಗುರವಾಗಿಯೇ ಹಿಡಿಯುತ್ತೆ, ಐದು ಜನ, ಡಿಕ್ಕಿ ತುಂಬ ಲಗೇಜು ಇದ್ದರೆ ಅದು ಸಾಲಲ್ಲ. ಕೆಲವು ಗಾಡಿಗಳು ಪಂಪ್ ಓಡಿಸಿ ತಾವೇ ಒತ್ತಡ ಸೇರಿಸುತ್ತವೆ, ಎಲ್ಲವೂ ಅಲ್ಲ. ನಿಂತ ಮೇಲೆ ಪೆಡಲನ್ನು ಇನ್ನೊಂಚೂರು ಗಟ್ಟಿಯಾಗಿ ಒತ್ತಿ, ಆಮೇಲೆ ಬಿಡಿ. ವ್ಯತ್ಯಾಸ ಗೊತ್ತಾಗುತ್ತೆ.

ಗಿರಿ_ಟ್ಯಾಕ್ಸಿ

ಬ್ರೇಕ್ ಆಯಿಲ್ ಸರ್ ಚೆನ್ನಾಗಿ ಹೇಳಿದ್ದಾರೆ. ಆದರೂ ನನ್ನ ಮಾತು ಬೇರೆ. ಚಿಕ್ಕಮಗಳೂರಲ್ಲಿ ಟೂರಿಸ್ಟ್ ಗಾಡಿ ಓಡಿಸೋನು ನಾನು, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಅಂತ ಹತ್ತಿ ಇಳಿಯೋದೇ ಕೆಲಸ. ವೀಕೆಂಡ್ ಬಂದರೆ ಬೆಂಗಳೂರು ಗಾಡಿಗಳು ಏರಿನಲ್ಲಿ ಸಾಲುಗಟ್ಟಿ ನಿಂತಿರುತ್ತವೆ, ಕ್ಲಚ್ ಸುಟ್ಟ ವಾಸನೆ ಕಿಟಕಿ ಹಾಕಿದರೂ ಒಳಗೆ ಬರುತ್ತೆ. ಅವುಗಳಲ್ಲಿ ಅರ್ಧಕ್ಕರ್ಧ ಹಿಲ್ ಹೋಲ್ಡ್ ಇರೋ ಗಾಡಿಗಳೇ ಸರ್. ಅದನ್ನು ನಂಬಿಕೊಂಡು ಹ್ಯಾಂಡ್‌ಬ್ರೇಕಿನಲ್ಲಿ ಗಾಡಿ ಎತ್ತೋದನ್ನು ಯಾರೂ ಕಲಿಯಲ್ಲ.

ವಾಸನೆ ಬರೋದು ಯಾಕೆ ಗೊತ್ತಾ? ಬ್ರೇಕ್ ಬಿಟ್ಟು ಹಾಫ್ ಕ್ಲಚ್‌ನಲ್ಲಿ, ಅಂದರೆ ಕ್ಲಚ್ ಅರ್ಧ ಮಾತ್ರ ಬಿಟ್ಟು, ರೇಸ್ ಕೊಟ್ಟು, ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಳ್ತಾರೆ. ಮುಂದಿನ ಗಾಡಿ ಕದಲೋವರೆಗೂ ಅದೇ. ಕ್ಲಚ್ ಪ್ಲೇಟ್ ಉಜ್ಜಿ ಉಜ್ಜಿ ಬಿಸಿಯಾಗುತ್ತೆ. ಅದಕ್ಕೆ ಹಿಲ್ ಹೋಲ್ಡ್ ಏನೂ ಮಾಡಲ್ಲ.

ಹ್ಯಾಂಡ್‌ಬ್ರೇಕ್ ವಿಧಾನ ಹೇಳ್ತೀನಿ, ಬರದೇ ಇರೋರು ನೋಡಿಕೊಳ್ಳಿ. ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಹೊರಡೋ ಟೈಮಿಗೆ ಫಸ್ಟ್ ಗೇರ್ ಹಾಕಿ, ಬಟನ್ ಒತ್ತಿ ಲಿವರನ್ನು ಕೈಯಲ್ಲೇ ಹಿಡಿದುಕೊಳ್ಳಿ, ಬಿಡಬೇಡಿ. ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಮೆಲ್ಲಗೆ ಮೇಲೆ ತನ್ನಿ. ಒಂದು ಜಾಗಕ್ಕೆ ಬಂದಾಗ ಇಂಜಿನ್ ಸೌಂಡ್ ಇಳಿದು ದಪ್ಪ ಆಗುತ್ತೆ, ಬಾನೆಟ್ ಒಂದು ಬೆರಳಷ್ಟು ಮೇಲೇಳುತ್ತೆ, ಸ್ಟೀರಿಂಗ್‌ನಲ್ಲಿ ಸಣ್ಣ ನಡುಕ ಬರುತ್ತೆ. ಅದೇ ಬೈಟಿಂಗ್ ಪಾಯಿಂಟ್. ಎಡಗಾಲು ಅಲ್ಲೇ ತಡೆದು ಲಿವರ್ ಇಳಿಸಿ. ಗಾಡಿ ಹಿಂದೆ ಹೋಗೋ ಮಾತೇ ಇಲ್ಲ. ಇದು ಕೈಗೆ ಬಂದರೆ ಯಾವ ಹಳೇ ಗಾಡಿ ಕೊಟ್ಟರೂ ಓಡಿಸ್ತೀರಿ.

ಆಮೇಲೆ ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲಬೇಡಿ. ಅವನ ಹಿಂದಿನ ಟೈರ್ ರಸ್ತೆ ಮುಟ್ಟೋ ಜಾಗ ನಿಮ್ಮ ಸೀಟಿನಿಂದ ಕಾಣಬೇಕು, ಅಷ್ಟು ಬಿಡಿ. ಅವನ ಗಾಡಿಯಲ್ಲಿ ಹಿಲ್ ಹೋಲ್ಡ್ ಇದೆಯೋ ಇಲ್ಲವೋ ನಿಮಗೇನು ಗೊತ್ತು?

ಇಕ್ಕಟ್ಟು ರಸ್ತೆಯಲ್ಲಿ ಎದುರಿಗೆ ಗಾಡಿ ಬಂದರೆ ಇಳಿಯೋ ಗಾಡಿ ನಿಂತು ಹತ್ತೋ ಗಾಡಿಗೆ ದಾರಿ ಬಿಡಬೇಕು. ರೂಲ್ಸೇ ಇದೆ. ಆದರೆ ನಮ್ಮಲ್ಲಿ ಇಳಿಯೋನು ಲೈಟ್ ಹೊಡೆದುಕೊಂಡು ನುಗ್ಗೇ ಬರ್ತಾನೆ, ಹತ್ತೋನು ಪಾಪ ಏರಿನಲ್ಲಿ ಒದ್ದಾಡಬೇಕು. ಇದಕ್ಕೆ ಯಾವ ಫೀಚರೂ ಬಂದಿಲ್ಲ ಇನ್ನೂ.

ಕಡಲ_ಕಡೆಯವಳು

ಗಿರಿ ಟ್ಯಾಕ್ಸಿಯವರೇ, ಬರಲಿ ಎಲ್ಲರಿಗೂ ಹ್ಯಾಂಡ್‌ಬ್ರೇಕ್, ಬೇಡ ಅನ್ನುವುದಿಲ್ಲ. ಆದರೆ ನೀವು ಹೇಳುವಷ್ಟು ಸಸಾರ ಅಲ್ಲ ಮಾರಾಯ್ರೆ. ನಾನು ಮಕ್ಕಳು ದೊಡ್ಡವರಾದ ಮೇಲೆ ಡ್ರೈವಿಂಗ್ ಕಲಿತವಳು, ಇರುವುದು ಮಂಗಳೂರಿನಲ್ಲಿ. ಇಲ್ಲಿ ರಸ್ತೆ ಅಂದರೆ ಒಂದೋ ಚಡಾವು, ಇಲ್ಲದಿದ್ದರೆ ಇಳಿಜಾರು. ಡ್ರೈವಿಂಗ್ ಸ್ಕೂಲಿನಲ್ಲಿ ಏರಿನಲ್ಲಿ ಗಾಡಿ ಎತ್ತುವುದನ್ನು ಕಲಿಸುವಾಗ ಪಕ್ಕದಲ್ಲಿ ಕೂತವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ, ಜಾರಿದರೆ ಅವರೇ ಒತ್ತುತ್ತಾರೆ. ಹಾಗಾಗಿ ನಿಜವಾದ ಕಲಿಕೆ ಲೈಸೆನ್ಸ್ ಬಂದ ಮೇಲೆ, ಹಿಂದೆ ಬಸ್ಸು ನಿಂತಿರುವಾಗ. ಆ ಹೊತ್ತಿಗೆ ಎರಡು ಸೆಕೆಂಡ್ ಸಿಕ್ಕಿದರೆ ದೊಡ್ಡ ಉಪಕಾರ.

ಒಂದು ವಿಷಯ ಯಾರೂ ಹೇಳಲಿಲ್ಲ. ಇದು ರಿವರ್ಸ್‌ನಲ್ಲೂ ಕೆಲಸ ಮಾಡುತ್ತದೆ. ನಮ್ಮ ಮನೆ ರಸ್ತೆಗಿಂತ ಕೆಳಗೆ ಉಂಟು, ಇಲ್ಲಿ ಬಹಳ ಮನೆಗಳು ಹಾಗೆಯೇ. ಗಾಡಿ ಮೂತಿ ಕೆಳಗೆ ಮಾಡಿ ಇಳಿಸಿ ನಿಲ್ಲಿಸುತ್ತೇವೆ, ಬೆಳಿಗ್ಗೆ ರಿವರ್ಸ್‌ನಲ್ಲಿ ರಸ್ತೆಗೆ ಹತ್ತಿಸಬೇಕು. ಮುಂದೆ ಬಾವಿಕಟ್ಟೆ. ಅಲ್ಲಿ ಗಾಡಿ ಮುಂದಕ್ಕೆ ಜಾರಿದರೆ ಕಥೆ ಬೇರೆ. ರಿವರ್ಸ್ ಗೇರ್ ಹಾಕಿ, ಬ್ರೇಕ್ ಸರಿಯಾಗಿ ಒತ್ತಿ ಬಿಟ್ಟರೆ ಗಾಡಿ ಹಿಡಿದು ನಿಲ್ಲುತ್ತದೆ, ಅಷ್ಟರಲ್ಲಿ ಹಿಂದೆ ನೋಡಿಕೊಂಡು ಕ್ಲಚ್ ಬಿಡಬಹುದು. ಅದೇ ಇಳಿಜಾರಿನಲ್ಲಿ ಫಸ್ಟ್ ಗೇರ್ ಹಾಕಿದರೆ ಹಿಡಿಯುವುದಿಲ್ಲ, ಯಾಕೆಂದರೆ ನೀವು ಇಳಿಯುವ ಕಡೆಗೇ ಹೊರಟಿದ್ದೀರಿ ಅಂತ ಅದಕ್ಕೆ ಗೊತ್ತು. ಯಾವ ಗೇರಿನಲ್ಲಿದೆ ಅಂತ ನೋಡಿಯೇ ಅದು ತೀರ್ಮಾನ ಮಾಡುವುದು.

ಆರಾಮ_ಎಎಂಟಿ

ಚರ್ಚೆ ಚೆನ್ನಾಗಿದೆ. ನನ್ನದು ಎಎಂಟಿ, ಊರು ಶಿವಮೊಗ್ಗ. ಆಗುಂಬೆಯ 14 ತಿರುವು ಹತ್ತುವಾಗ ಮುಂದೆ ಬಸ್ಸು ನಿಂತರೆ ನಾನೂ ನಿಲ್ಲಬೇಕು. ಆಟೋಮ್ಯಾಟಿಕ್ ಅಂದಮೇಲೆ ಜಾರಬಾರದಲ್ವಾ, ಆದರೂ ಸ್ವಲ್ಪ ಜಾರಿ ಆಮೇಲೆ ಹಿಡಿಯುತ್ತೆ. ಆಕ್ಸಿಲರೇಟರ್ ಮೇಲೆ ಸ್ವಲ್ಪ ಕಾಲಿಟ್ಟು ಗಾಡಿಯನ್ನು ನಿಲ್ಲಿಸಿಕೊಳ್ಳೋ ಅಭ್ಯಾಸ ಸರೀನಾ?

ಬ್ರೇಕ್_ಆಯಿಲ್

ಬೇಡ, ಇವತ್ತೇ ಬಿಡಿ ಆ ಅಭ್ಯಾಸ. ಎಎಂಟಿ ಅಂದರೆ ಒಳಗೆ ಅದೇ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ಕ್ಲಚ್ ಒತ್ತಿ ಬಿಡೋ ಕೆಲಸ ನಿಮ್ಮ ಎಡಗಾಲಿನ ಬದಲು ಒಂದು ಆಕ್ಚುಯೇಟರ್ ಮಾಡುತ್ತೆ, ಅಷ್ಟೇ ವ್ಯತ್ಯಾಸ. ನೀವು ಆಕ್ಸಿಲರೇಟರ್‌ನಲ್ಲಿ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿದಾಗ ಅದು ಹಾಫ್ ಕ್ಲಚ್‌ನಲ್ಲಿ ಉಜ್ಜುತ್ತಾ ನಿಂತಿರುತ್ತೆ. ಗಿರಿ ಟ್ಯಾಕ್ಸಿಯವರು ಹೇಳಿದ ವಾಸನೆ ನಿಮ್ಮ ಗಾಡಿಯಿಂದಲೂ ಬರುತ್ತೆ, ಕಾಲಲ್ಲಿ ಗೊತ್ತಾಗಲ್ಲ ಅನ್ನೋದೊಂದೇ.

ಬ್ರೇಕಿನಿಂದ ಕಾಲು ತೆಗೆದು ರೇಸ್ ಕೊಟ್ಟ ಮೇಲೆ ಆಕ್ಚುಯೇಟರ್ ಕ್ಲಚ್ ಹಿಡಿಸೋಕೆ ಒಂದು ಕ್ಷಣ ತಗೊಳ್ಳುತ್ತೆ. ಆ ಕ್ಷಣದಲ್ಲೇ ಜಾರೋದು. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಎಎಂಟಿ ನಮ್ಮ ದೇಶಕ್ಕೆ ಬಂದಾಗಿನಿಂದ ಏರಿನಲ್ಲಿ ಜನ ಹೇಳ್ತಾ ಬಂದಿರೋ ದೂರು ಇದೇ. ಮ್ಯಾನ್ಯುಯಲ್‌ಗಿಂತ ಎಎಂಟಿಗೇ ಹಿಲ್ ಹೋಲ್ಡ್ ಹೆಚ್ಚು ಬೇಕು ಅಂತೀನಿ ನಾನು, ಯಾಕೆಂದರೆ ಮ್ಯಾನ್ಯುಯಲ್‌ನಲ್ಲಿ ಕ್ಲಚ್ ನಿಮ್ಮ ಹಿಡಿತದಲ್ಲಾದರೂ ಇರುತ್ತೆ. ನಿಮ್ಮ ಗಾಡಿಯಲ್ಲಿ ಅದು ಇದೆಯಾ ನೋಡಿ. ಇಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಎಳೆದು, ರೇಸ್ ಕೊಟ್ಟು, ಗಾಡಿ ಮುಂದೆ ತುಯ್ಯೋಕೆ ಶುರು ಮಾಡಿದಾಗ ಇಳಿಸಿ.

ಟಾರ್ಕ್ ಕನ್ವರ್ಟರ್ ಇರೋ ಆಟೋಮ್ಯಾಟಿಕ್‌ಗಳ ಕಥೆ ಬೇರೆ. ಅಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸ್‌ಗೂ ನಡುವೆ ಆಯಿಲ್ ಇರುತ್ತೆ, ಡಿಯಲ್ಲಿ, ಅಂದರೆ ಡ್ರೈವ್‌ನಲ್ಲಿ, ಬ್ರೇಕ್ ಬಿಟ್ಟರೆ ತಾನಾಗಿ ಮೆಲ್ಲಗೆ ಮುಂದೆ ತೆವಳುತ್ತೆ. ಸಣ್ಣ ಏರಿಗೆ ಆ ತೆವಳೋ ಬಲವೇ ಸಾಕು. ತುಂಬಾ ಕಡಿದಾದರೆ ಅದೂ ಜಾರುತ್ತೆ. ಡಿಸಿಟಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್) ಇರೋರು ಎಎಂಟಿಯವರಷ್ಟೇ ಜೋಪಾನವಾಗಿರಬೇಕು, ಅಲ್ಲೂ ಕ್ಲಚ್ ಇದೆ, ಏರಿನಲ್ಲಿ ತೆವಳಿಸುತ್ತಾ ಇದ್ದರೆ ಬಿಸಿಯಾಗಿ ಡಿಸ್‌ಪ್ಲೇಯಲ್ಲಿ ವಾರ್ನಿಂಗ್ ಬರುತ್ತೆ.

ಆಟೋ ಹೋಲ್ಡ್ ಅನ್ನೋದನ್ನೂ ಇದರ ಜೊತೆ ಕಲಸಿಕೊಳ್ಳಬೇಡಿ. ಅದು ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರೋ ಗಾಡಿಗಳಲ್ಲಿ ಬರುತ್ತೆ, ಬಟನ್ ಒತ್ತಿ ಆನ್ ಮಾಡಬೇಕು. ಅದಕ್ಕೆ ಎರಡು ಸೆಕೆಂಡಿನ ಲೆಕ್ಕ ಇಲ್ಲ. ನೀವು ರೇಸ್ ಕೊಡೋವರೆಗೂ ಹಿಡಿದಿರುತ್ತೆ, ಸಮತಟ್ಟು ರಸ್ತೆಯಲ್ಲೂ. ಬಹಳ ಹೊತ್ತಾದರೆ, ಅಥವಾ ಬೆಲ್ಟ್ ಬಿಚ್ಚಿ ಬಾಗಿಲು ತೆಗೆದರೆ ಪಾರ್ಕಿಂಗ್ ಬ್ರೇಕ್ ಹಾಕಿಕೊಳ್ಳುತ್ತೆ. ಸುಂಟಿಕೊಪ್ಪದಂಥ ಟ್ರಾಫಿಕ್‌ಗೆ ನಿಜವಾಗಿ ಬೇಕಾಗಿರೋದು ಅದು.

ಗಿರಿ ಟ್ಯಾಕ್ಸಿಯವರಿಗೆ ಒಂದು ಮಾತು. ಹ್ಯಾಂಡ್‌ಬ್ರೇಕ್ ಕಲಿಯಬೇಕು ಅನ್ನೋದು ಒಪ್ಪಿದೆ. ಆದರೆ ಹಿಲ್ ಹೋಲ್ಡ್‌ನಿಂದ ಕ್ಲಚ್ ಸುಡುತ್ತೆ ಅನ್ನೋ ಅರ್ಥ ಬರಬಾರದು. ಗಾಡಿ ಜಾರುತ್ತೆ ಅನ್ನೋ ಹೆದರಿಕೆಗೇ ಜನ ಹಾಫ್ ಕ್ಲಚ್‌ನಲ್ಲಿ ನಿಲ್ಲೋದು. ಆ ಹೆದರಿಕೆ ಹೋದರೆ ಕ್ಲಚ್ಚೂ ಉಳಿಯುತ್ತೆ.

ಗಿರಿ_ಟ್ಯಾಕ್ಸಿ

ಹೆದರಿಕೆ ಹೋದವರು ಇನ್ನೂ ಕಾಣಲಿಲ್ಲ ಸರ್ ನಮ್ಮ ಗಿರಿಯಲ್ಲಿ 😄 ಇರಲಿ, ಒಪ್ಪಿದೆ.

ಬೇ_ಏರಿಯಾ_ಕನ್ನಡಿಗ

ದೂರದಿಂದ ಓದ್ತಾ ಇದ್ದೆ. ಈ ಐಡಿಯಾ ಹೊಸದು ಅಂದುಕೊಂಡಿರೋರಿಗೆ ಒಂದು ವಿಷಯ. ಇಲ್ಲಿ ಅಮೆರಿಕದಲ್ಲಿ ಸ್ಟೂಡೆಬೇಕರ್ ಅಂತ ಒಂದು ಕಾರು ಕಂಪನಿ ಇತ್ತು, ಅವರು 1936ರಲ್ಲೇ ಹಿಲ್ ಹೋಲ್ಡರ್ ಅಂತ ಇದನ್ನು ಕೊಟ್ಟಿದ್ದರು. ಕಂಪ್ಯೂಟರ್ ಎಲ್ಲಿತ್ತು ಆಗ? ಬ್ರೇಕ್ ಲೈನಿನಲ್ಲಿ ಒಂದು ಉಕ್ಕಿನ ಗೋಲಿ. ಗಾಡಿ ಏರಿನಲ್ಲಿ ನಿಂತಾಗ ಗೋಲಿ ಹಿಂದಕ್ಕೆ ಉರುಳಿ ಆಯಿಲ್ ವಾಪಸ್ ಹೋಗೋ ತೂತು ಮುಚ್ಚುತ್ತಿತ್ತು. ಕ್ಲಚ್ ಒತ್ತಿ ಹಿಡಿದಿರೋವರೆಗೆ ಬ್ರೇಕ್ ಹಿಡಿದೇ ಇರುತ್ತಿತ್ತು, ಕ್ಲಚ್ ಬಿಟ್ಟಾಗ ಅದಕ್ಕೆ ಕಟ್ಟಿದ್ದ ಸರಳು ಗೋಲಿಯನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಆಮೇಲೆ 1980ರ ದಶಕದಲ್ಲಿ ಸುಬಾರು ಮ್ಯಾನ್ಯುಯಲ್ ಗಾಡಿಗಳಲ್ಲೂ ಕ್ಲಚ್‌ಗೆ ಕೇಬಲ್ ಕಟ್ಟಿದ ಇಂಥದ್ದೇ ವ್ಯವಸ್ಥೆ ಬಂತು. ನೋಡಿ, ಅವಕ್ಕೆ ಎರಡು ಸೆಕೆಂಡಿನ ಗಡುವೇ ಇರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಫಿಲ್ಬರ್ಟ್ ಸ್ಟ್ರೀಟ್ ಅಂತ ಒಂದು ರಸ್ತೆ ಇದೆ, ಒಂದು ಬ್ಲಾಕ್ ಪೂರ್ತಿ ಶೇ. 31.5ರ ಇಳಿಜಾರು. ಮೇಲಿನಿಂದ ಬಂದರೆ ಬಾನೆಟ್ ಆಚೆ ರಸ್ತೆಯೇ ಕಾಣಲ್ಲ, ಆಕಾಶ ಮಾತ್ರ. ಈ ಊರಲ್ಲಿ ಶೇ. 3ಕ್ಕಿಂತ ಹೆಚ್ಚು ಏರಿರೋ ಕಡೆ ಗಾಡಿ ನಿಲ್ಲಿಸಿದರೆ ಮುಂದಿನ ಚಕ್ರ ಫುಟ್‌ಪಾತ್ ಅಂಚಿಗೆ ತಾಗೋ ಹಾಗೆ ತಿರುಗಿಸಿಡಲೇಬೇಕು, ಇಲ್ಲದಿದ್ದರೆ ದಂಡ. ಬ್ರೇಕ್ ಸೋತರೂ ಗಾಡಿ ಅಂಚಿಗೆ ಒರಗಿ ನಿಲ್ಲಲಿ ಅಂತ. ಮಡಿಕೇರಿ, ಮಂಗಳೂರಿನಲ್ಲೂ ಮಾಡಬಹುದಾದ ಕೆಲಸ, ಫುಟ್‌ಪಾತ್ ಇದ್ದರೆ.

ಕಡಲ_ಕಡೆಯವಳು

ಫುಟ್‌ಪಾತ್ ಇದ್ದರೆ! ಸರಿಯಾಗಿ ಹೇಳಿದಿರಿ. ಇಲ್ಲಿ ಅಂಚು ಅಂದರೆ ಮಳೆನೀರಿನ ಚರಂಡಿ. ನಾವು ಗೇರಿನಲ್ಲಿ ಹಾಕಿಯೇ ನಿಲ್ಲಿಸುವುದು. ಮೂತಿ ಮೇಲಿದ್ದರೆ ಫಸ್ಟ್, ಮೂತಿ ಕೆಳಗಿದ್ದರೆ ರಿವರ್ಸ್, ಜೊತೆಗೆ ಹ್ಯಾಂಡ್‌ಬ್ರೇಕ್.

ಹೊಸ_ಪೆಡಲ್

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ರ‍್ಯಾಂಪಿನಲ್ಲಿ ಬೇಕಂತಲೇ ಆಟ ಆಡಿ ನೋಡಿದೆ, ಹಿಂದೆ ಯಾರೂ ಇಲ್ಲದ ಹೊತ್ತಿನಲ್ಲಿ. ಬ್ರೇಕ್ ಬಿಟ್ಟು ಸುಮ್ಮನೆ ಕೂತರೆ "ಒಂದು, ಎರಡು" ಅನ್ನೋಷ್ಟರಲ್ಲಿ ಮೆಲ್ಲಗೆ ಸಡಿಲ ಆಗಿ ಜಾರೋಕೆ ಶುರು. ಗಟ್ಟಿಯಾಗಿ ಒತ್ತಿ ಬಿಟ್ಟರೆ ಎರಡು ಸೆಕೆಂಡ್ ಪೂರ್ತಿ ಗಟ್ಟಿ. ಪೂರ್ತಿ ನಿಲ್ಲದೆ ಬ್ರೇಕ್ ಮುಟ್ಟಿ ಬಿಟ್ಟರೆ ಇಷ್ಟು ಕಡಿದಾದ ಕಡೆಯೂ ಹಿಡಿಯಲಿಲ್ಲ. ನೀವು ಹೇಳಿದ ಹಾಗೇ.

ಇನ್ನೊಂದು ಕೇಳಬೇಕಿತ್ತು. ನನ್ನ ತಮ್ಮ ಹಳೇ ಮಾಡೆಲ್ ಗಾಡಿ ತಗೋಬೇಕು ಅಂತಿದ್ದಾನೆ, ಅದರಲ್ಲಿ ಎಬಿಎಸ್ ಇದೆ, ಹಿಲ್ ಹೋಲ್ಡ್ ಇಲ್ಲ. ಹೊರಗಡೆ ಹಾಕಿಸಬಹುದಾ? ಮತ್ತೆ ನನ್ನ ಗಾಡಿಯಲ್ಲಿ ಇದು ಕೆಟ್ಟರೆ ಗೊತ್ತಾಗೋದು ಹೇಗೆ?

ಬ್ರೇಕ್_ಆಯಿಲ್

ಹಾಕಿಸೋ ಯೋಚನೆ ಬಿಡಿ. ಬರೀ ಎಬಿಎಸ್ ಇದ್ದರೆ ಸಾಲಲ್ಲ. ಹಿಲ್ ಹೋಲ್ಡ್ ಸಾಮಾನ್ಯವಾಗಿ ಇಎಸ್‌ಸಿ ಜೊತೆಗೆ ಬರೋದು, ಇಎಸ್‌ಪಿ ಅಂತಲೂ ಬರೆದಿರುತ್ತಾರೆ. ಗಾಡಿ ಸ್ಕಿಡ್ ಆಗದ ಹಾಗೆ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕೋ ವ್ಯವಸ್ಥೆ ಅದು. ಅದರ ವಾಲ್ವ್, ಸೆನ್ಸರ್‌ಗಳನ್ನೇ ಹಿಲ್ ಹೋಲ್ಡ್ ಎರವಲು ಪಡೆಯುತ್ತೆ. ಎಬಿಎಸ್ ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಎಲ್ಲಾ ಹೊಸ ಕಾರುಗಳಿಗೂ ಕಡ್ಡಾಯ ಆಯ್ತು, ಆದರೆ ಇಎಸ್‌ಸಿ ಕಮ್ಮಿ ಬೆಲೆಯ ಗಾಡಿಗಳಿಗೆ ಬಂದಿದ್ದು ನಿಧಾನವಾಗಿ. 2024ರ ಹೊಸ ಸ್ವಿಫ್ಟ್‌ನಲ್ಲಿ ಬೇಸ್ ಮಾಡೆಲ್‌ನಿಂದಲೇ ಇಎಸ್‌ಪಿ, ಹಿಲ್ ಹೋಲ್ಡ್ ಎರಡೂ ಇವೆ. ತಮ್ಮನಿಗೆ ಬೇಕೇ ಬೇಕು ಅಂದರೆ ಸೆಕೆಂಡ್‌ಹ್ಯಾಂಡ್‌ನಲ್ಲೂ ಇಎಸ್‌ಸಿ ಇರೋ ವೇರಿಯಂಟ್ ಹುಡುಕಲಿ, ಹಿಲ್ ಹೋಲ್ಡ್‌ಗಿಂತ ಇಎಸ್‌ಸಿಯೇ ದೊಡ್ಡ ಲಾಭ. ಬ್ರೇಕ್ ಲೈನಿಗೆ ಹೊರಗಿನವರ ಕೈ ಹಾಕಿಸೋದು ಮಾತ್ರ ಬೇಡ.

ಕೆಟ್ಟರೆ ಮೀಟರಿನಲ್ಲೇ ಗೊತ್ತಾಗುತ್ತೆ. ಅಲ್ಲಿ ಕಾರಿನ ಚಿತ್ರದ ಹಿಂದೆ ವಂಕಿ ವಂಕಿ ಗೆರೆ ಇರೋ ಹಳದಿ ಲೈಟ್ ಇದೆಯಲ್ಲ, ಗಾಡಿ ಸ್ಟಾರ್ಟ್ ಮಾಡಿದಾಗ ಬಂದು ಆರಬೇಕು. ಓಡುವಾಗ ಮಿಣುಕಿದರೆ ಗಾಬರಿ ಬೇಡ, ಸ್ಕಿಡ್ ತಡೆಯುತ್ತಾ ಇದೆ ಅಂತ. ಆರದೆ ಹಾಗೇ ಉರಿಯುತ್ತಾ ನಿಂತರೆ ಇಎಸ್‌ಸಿಯಲ್ಲಿ ತೊಂದರೆ, ಆಗ ಹಿಲ್ ಹೋಲ್ಡ್ ಇಲ್ಲ ಅಂತಲೇ ತಿಳಿದು ಓಡಿಸಿ. ಎಷ್ಟೋ ಸಲ ಚಕ್ರದ ಹತ್ತಿರದ ಸ್ಪೀಡ್ ಸೆನ್ಸರ್‌ಗೆ ಕೆಸರು ಮೆತ್ತಿಯೋ, ಅದರ ವೈರ್ ತುಂಡಾಗಿಯೋ ಹೀಗಾಗುತ್ತೆ, ಮಳೆಗಾಲದಲ್ಲಿ ಎಸ್ಟೇಟ್ ರಸ್ತೆಗೆ ಹೋಗಿ ಬಂದ ಗಾಡಿಗಳಲ್ಲಿ ಮಾಮೂಲು. ಮೊದಲು ಅದನ್ನು ನೋಡಿಸಿ. ಯಾರಾದರೂ ಸೀದಾ ಎಬಿಎಸ್ ಬ್ಲಾಕೇ ಬದಲಾಯಿಸಬೇಕು ಅಂದರೆ ಗಾಡಿ ಈಚೆ ತಂದು ಇನ್ನೊಬ್ಬರ ಹತ್ತಿರ ತೋರಿಸಿ, ಆ ಬ್ಲಾಕ್ ಅಗ್ಗದ ಸಾಮಾನಲ್ಲ.